ಬಟ್ಟಲು ತುಂಬುವ ಕೈಯ ಹೊಣೆ



ಮದ್ಯಪಾನದಿಂದ ಒದಗುವ ಕೇಡಿಗೆ ಹೊಣೆ ಯಾರು? ಕುಡಿದವನೋ, ಕುಡಿಸಿದವನೋ? ನಾವು ಬಂದು ನೆಲೆಸಿರುವ ಈ ಅಮೆರಿಕ ದೇಶವು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಪ್ರಶ್ನೆಯೊಡನೆ ಸೆಣಸುತ್ತಿದೆ. ಆ ಚರಿತ್ರೆಯನ್ನು ಸಂಕ್ಷೇಪವಾಗಿ ನಿಮ್ಮ ಮುಂದಿಡಬಯಸುತ್ತೇವೆ. ನಮ್ಮಲ್ಲಿ ಕುಡಿಯುವವರಿದ್ದಾರೆ, ಮುಟ್ಟದವರೂ ಇದ್ದಾರೆ; ವಿಷಯವು ಇಬ್ಬರಿಗೂ ಸಂಬಂಧಿಸಿದ್ದು. ಕೆಲವರು ಹೋಟೆಲು ನಡೆಸುತ್ತಾರೆ, ಕಾಲೇಜು ಓದುವ ಮಕ್ಕಳು ರೆಸ್ಟೊರೆಂಟುಗಳಲ್ಲಿ ದುಡಿಯುತ್ತಾರೆ, ಇನ್ನು ಮನೆಗೆ ಅತಿಥಿಗಳನ್ನು ಕರೆಯದವರಂತೂ ನಮ್ಮಲ್ಲಿ ಇಲ್ಲವೇ ಇಲ್ಲ.

ಇಂಗ್ಲೆಂಡಿನಿಂದ ಬಂದ ಹಳೆಯ ನ್ಯಾಯಪದ್ಧತಿಯ ನಿಲುವು ಸರಳವಾಗಿತ್ತು: ಕೇಡಿಗೆ ಕಾರಣ ಕುಡಿತವೇ ಹೊರತು ಮಾರಾಟವಲ್ಲ. ಆದರೆ ದುಡಿದುದನ್ನೆಲ್ಲ ಹೆಂಡದಂಗಡಿಗೆ ಸುರಿದವನ ಹೆಂಡತಿ ಮಕ್ಕಳನ್ನು ಸಲಹುವ ಭಾರವು ಊರಿನ ಮೇಲೆ ಬೀಳುತ್ತಿತ್ತು. ಆದುದರಿಂದ 1849ರಲ್ಲಿ ವಿಸ್ಕಾನ್ಸಿನ್ ರಾಜ್ಯವು, ತನ್ನ ಮಾರಾಟದಿಂದಾಗುವ ನಷ್ಟವನ್ನು ತುಂಬಿಕೊಡುವುದಾಗಿ ಅಂಗಡಿಯವನು ಮೊದಲೇ ಮುಚ್ಚಳಿಕೆ ಬರೆದುಕೊಡಬೇಕೆಂದು ವಿಧಿಸಿತು. 1873ರ ನ್ಯೂಯಾರ್ಕ್ ಕಾಯಿದೆಯು ನೊಂದ ಹೆಂಡತಿ ಮಕ್ಕಳೇ ಮಾರಾಟಗಾರನ ಮೇಲೆ ದಾವೆ ಹೂಡಲು ಅವಕಾಶವಿತ್ತಿತು. ಇಂಥವಕ್ಕೆ 'ಡ್ರಾಮ್ ಷಾಪ್' ಕಾಯಿದೆಗಳೆಂದು ಹೆಸರು. ಡ್ರಾಮ್ ಎಂದರೆ ಮದ್ಯದ ಒಂದು ಸಣ್ಣ ಅಳತೆ.

1920ರಲ್ಲಿ ದೇಶಕ್ಕೆ ದೇಶವೇ ಪಾನನಿಷೇಧಕ್ಕೊಳಗಾಯಿತು. 1933ರ ಡಿಸೆಂಬರ್ 5ರಂದು ಆ ಪ್ರಯೋಗ ಮುಗಿಯಿತು. ಅಷ್ಟರಲ್ಲಿ ಮನೆಮನೆಗೂ ಮೋಟಾರು ಕಾರು ಬಂದಿತ್ತು. ಕುಡಿದು ತೂರಾಡುವವನು ಇನ್ನು ತಾನೊಬ್ಬನೇ ಬೀಳುವವನಾಗಿರಲಿಲ್ಲ. 1959ರಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯವು, ಹದಿನೆಂಟರ ಹುಡುಗನೊಬ್ಬನಿಗೆ ಮದ್ಯವಿತ್ತ ಬಾರುಗಳು ಆತನಿಂದಾದ ಅಪಘಾತಕ್ಕೆ ಉತ್ತರವಾದಿಗಳಾಗಬಹುದೆಂದು ತೀರ್ಪಿತ್ತಿತು. ಹಳೆಯ ನಿಲುವು ಸಡಿಲಗೊಂಡಿತು.

ಇಲ್ಲಿ ವೈದ್ಯರಾಗಿ ಒಂದು ಮಾತು. ರಕ್ತದಲ್ಲಿ ಮದ್ಯಸಾರದ ಪ್ರಮಾಣವನ್ನು ಲೆಕ್ಕ ಹಾಕುವ ಸೂತ್ರವನ್ನು ಸ್ವೀಡನ್ನಿನ ವಿಡ್ಮಾರ್ಕ್ ಎಂಬ ವಿಜ್ಞಾನಿ 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. 1954ರಲ್ಲಿ ಬೋರ್ಕೆನ್‌ಸ್ಟೈನ್ ಉಸಿರನ್ನು ಅಳೆಯುವ ಯಂತ್ರವನ್ನು ನಿರ್ಮಿಸಿದನು. ಸಾಮಾನ್ಯವಾಗಿ ಯಕೃತ್ತು ಗಂಟೆಗೆ ಸುಮಾರು ಒಂದು ಪೆಗ್ಗಿನಷ್ಟನ್ನು ಮಾತ್ರ ಕರಗಿಸಬಲ್ಲುದು. ಕಾಫಿಯಾಗಲಿ ತಣ್ಣೀರಿನ ಸ್ನಾನವಾಗಲಿ ಅದರ ವೇಗವನ್ನು ಹೆಚ್ಚಿಸಲಾರದು. ಅದಕ್ಕಿಂತ ಮುಖ್ಯವಾದುದೆಂದರೆ, ಕಾಲು ತೊಡರುವುದಕ್ಕೆ ಮೊದಲೇ ವಿವೇಚನೆ ಮಂಕಾಗುತ್ತದೆ. "ನನಗೇನೂ ಆಗಿಲ್ಲ, ನಾನೇ ಓಡಿಸುತ್ತೇನೆ" ಎನ್ನುವವನು ಸುಳ್ಳಾಡುತ್ತಿಲ್ಲ. ಅವನಿಗೆ ನಿಜವಾಗಿಯೂ ಹಾಗೆಯೇ ತೋರುತ್ತದೆ. ತನ್ನ ಸ್ಥಿತಿಯನ್ನು ತಾನೇ ತೂಗಲಾರದವನ ಪರವಾಗಿ ಎಚ್ಚರದಲ್ಲಿರುವ ಇನ್ನೊಬ್ಬರು ತೂಗಬೇಕಾಗುತ್ತದೆ.

ಈ ತತ್ತ್ವವು ಮನೆಯ ಹೊಸ್ತಿಲನ್ನೂ ದಾಟಿತು. 1980ರ ಜನವರಿಯಲ್ಲಿ ನ್ಯೂಜೆರ್ಸಿಯ ಗೃಹಸ್ಥರೊಬ್ಬರ ಮನೆಯಲ್ಲಿ ಅತಿಥಿಯೊಬ್ಬರು ಒಂದೆರಡು ಗಂಟೆ ಕುಳಿತು ಸ್ಕಾಚ್ ಕುಡಿದರು. ಆತಿಥೇಯರು ಕಾರಿನವರೆಗೂ ಹೋಗಿ ಬೀಳ್ಕೊಟ್ಟರು. ಇಪ್ಪತ್ತೈದು ನಿಮಿಷಗಳ ಬಳಿಕ, ಕ್ಷೇಮವಾಗಿ ತಲುಪಿದರೇ ಎಂದು ಫೋನ್ ಮಾಡಿದಾಗ, ಎದುರಿನ ಕಾರಿಗೆ ಡಿಕ್ಕಿ ಹೊಡೆದರೆಂಬ ಸುದ್ದಿ ಬಂತು. ಆ ಕಾರಿನಲ್ಲಿದ್ದ ಮಹಿಳೆ ತೀವ್ರವಾಗಿ ಗಾಯಗೊಂಡಿದ್ದರು. ಕುಡಿದದ್ದು ಎರಡು ಮೂರು ಪೆಗ್ ಎಂದು ಅತಿಥಿ, ಆತಿಥೇಯರಿಬ್ಬರೂ ಹೇಳಿದರು. ರಕ್ತಪರೀಕ್ಷೆಯಲ್ಲಿ ಕಂಡದ್ದು ನೂರು ಮಿಲಿಲೀಟರಿಗೆ 286 ಮಿಲಿಗ್ರಾಂ. ತಜ್ಞರ ಲೆಕ್ಕದಲ್ಲಿ 13 ಪೆಗ್! 1984ರಲ್ಲಿ ನ್ಯಾಯಾಲಯವು ಮಹತ್ವದ ತೀರ್ಪನ್ನಿತ್ತಿತು: ಅತಿಥಿಗೆ ಅಮಲೇರಿದೆಯೆಂದೂ ಆತನು ವಾಹನ ನಡೆಸಲಿರುವನೆಂದೂ ತಿಳಿದು ತಿಳಿದೂ ಮದ್ಯ ಬಡಿಸಿದ ಆತಿಥೇಯನು, ಅಪಘಾತದಲ್ಲಿ ನೊಂದವರಿಗೆ ಉತ್ತರವಾದಿ. ಹಲವು ರಾಜ್ಯಗಳು ಇದನ್ನು ಒಪ್ಪಲಿಲ್ಲ. ರಾಜ್ಯರಾಜ್ಯಕ್ಕೂ ನಿಯಮ ಬೇರೆ. ಆದರೆ ಆ ಆತಿಥೇಯರು ಕೆಟ್ಟವರಾಗಿರಲಿಲ್ಲ, ಫೋನ್ ಮಾಡುವಷ್ಟು ಕಾಳಜಿಯುಳ್ಳವರು ಎಂಬುದನ್ನು ನಾವು ಗಮನಿಸಬೇಕು. ಅವರ ಕಾಳಜಿ ಅರ್ಧ ಗಂಟೆ ತಡವಾಗಿತ್ತು, ಅಷ್ಟೆ.

ಅದೇ ವರ್ಷ ಕೇಂದ್ರ ಸರ್ಕಾರವು, ಮದ್ಯ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿ ಅನುದಾನವನ್ನು ಕಡಿತಗೊಳಿಸುವ ಕಾಯಿದೆ ಮಾಡಿತು. ಮಗಳನ್ನು ಕಳೆದುಕೊಂಡ ತಾಯಿಯೊಬ್ಬರು 1980ರಲ್ಲಿ ಹುಟ್ಟುಹಾಕಿದ 'ಮ್ಯಾಡ್' ಸಂಸ್ಥೆಯ ಹೋರಾಟ ಅದರ ಹಿಂದಿತ್ತು. ಬಡಿಸುವವರಿಗೆ ತರಬೇತಿಯೂ ಆ ದಶಕದಲ್ಲೇ ಬೇರೂರಿತು. ಮನೋವೈದ್ಯ ಮಾರಿಸ್ ಚಾಫೆಟ್ಸ್ 1982ರಲ್ಲಿ 'ಟಿಪ್ಸ್' ಎಂಬ ಶಿಕ್ಷಣಕ್ರಮವನ್ನು ಆರಂಭಿಸಿದರು. ಆರೆಗಾನ್ ರಾಜ್ಯವು ತರಬೇತಿಯನ್ನು ಕಡ್ಡಾಯ ಮಾಡಿದ ಮೊದಲ ರಾಜ್ಯ. 1994ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತರಬೇತಿಯ ಮೂರನೆಯ ವರ್ಷದ ಕೊನೆಗೆ ಅಲ್ಲಿ ಒಂಟಿ ವಾಹನಗಳ ರಾತ್ರಿ ಅಪಘಾತಗಳು ಶೇಕಡ 23ರಷ್ಟು ಇಳಿದಿದ್ದವು. ಕಲಿಸುವುದಾದರೂ ಏನು? ಗುರುತಿನ ಚೀಟಿ ನೋಡುವುದು, ಬಟ್ಟಲುಗಳನ್ನು ಎಣಿಸುವುದು, ನಡುವೆ ಊಟ ನೀರು ಕೊಡುವುದು, ಮರ್ಯಾದೆಯಿಂದ ಇಲ್ಲವೆನ್ನುವುದು, ಟ್ಯಾಕ್ಸಿ ಕರೆಸುವುದು. ಕ್ಯಾಲಿಫೋರ್ನಿಯದಲ್ಲಿಯೂ 2022ರಿಂದ ಇದು ಕಡ್ಡಾಯವಾಗಿದೆ.

ಇನ್ನು ನಮ್ಮ ಮನೆಗಳ ಮಾತು. "ಇನ್ನೊಂದು ಹೋಳಿಗೆ" ಎಂದು ಒತ್ತಾಯ ಮಾಡಿ ಬಡಿಸುವುದು ನಮ್ಮವರ ಉಪಚಾರ. ಹೋಳಿಗೆಗೆ ಒಪ್ಪುವ ಈ ಒತ್ತಾಯ ವಿಸ್ಕಿಗೆ ಒಪ್ಪದು. ಹಿರಿಯರ ಕೈಯಿಂದ ಕಾರಿನ ಕೀಲಿ ಕೇಳುವುದು ಅವಮರ್ಯಾದೆಯೆಂದು ನಾವು ಹಿಂಜರಿಯುತ್ತೇವೆ. ಈ ದೇಶದ 49 ರಾಜ್ಯಗಳಲ್ಲಿ ಚಾಲಕನ ಮಿತಿ ನೂರು ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ, ಯೂಟಾದಲ್ಲಿ 50. ನಮ್ಮ ಭಾರತದಲ್ಲಿ ಅದು 30 ಮಾತ್ರವೆಂಬುದು ಹಲವರಿಗೆ ತಿಳಿದಿಲ್ಲ. ಬಂದವರನ್ನು ರಾತ್ರಿ ಉಳಿಸಿಕೊಂಡು, ಹಜಾರದಲ್ಲಿ ಚಾಪೆ ಹಾಸಿ ಮಲಗಿಸುವುದು ನಮಗೆ ಹೊಸದೇನಲ್ಲ. ಆ ಪದ್ಧತಿಯನ್ನು ಇಲ್ಲಿಯೂ ಉಳಿಸಿಕೊಳ್ಳೋಣ. ಮುಂದಿನ ಹಬ್ಬದ ಕೂಟದಲ್ಲಿ ಕುಡಿಯದೆ ಕಾರು ನಡೆಸುವವರ ಹೆಸರನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.