ಶಹಾಬಾದ್ ಕಲ್ಲಿನ ಸೀಮೆಯಲ್ಲಿ ಕಾರ್ಮಿಕ ವಿಮೆಯ ಲೆಕ್ಕ

ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಜಾರಿಗೆ ಬಂದದ್ದು 1924ರ ಜುಲೈ 1ರಂದು. ಈಗಿನ ಕಲಬುರಗಿ ಜಿಲ್ಲೆಯ ಶಹಾಬಾದ್ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಆ ಕಾಯ್ದೆ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಸಿಮೆಂಟ್ ಮಾತ್ರ ಬೇಗ ಬಂತು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಎಂಬ ಒಂದೇ ಕಂಪನಿ ಆದಾಗ ಶಹಾಬಾದಿನ ಕಂಪನಿಯೂ ಅದರಲ್ಲಿತ್ತು. ಮುಂದೆ ವಾಡಿ, ಮಳಖೇಡ, ಸೇಡಂ, ಈಚೆಗೆ ಚಿತ್ತಾಪುರ ತಾಲ್ಲೂಕಿನ ಇಟಗಾ, ಚಿಂಚೋಳಿ ತಾಲ್ಲೂಕಿನ ಛತ್ರಸಾಲ ಎನ್ನುತ್ತ ಸುಣ್ಣಕಲ್ಲು ಸಿಕ್ಕಲ್ಲೆಲ್ಲ ಚಿಮಣಿ ಎದ್ದವು.

ಕಾರ್ಖಾನೆಗೆ 1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆಯ ಆಸರೆ ಸಿಕ್ಕಿತು. ಗಣಿ ಕಾಯ್ದೆಗೆ ಒಳಪಟ್ಟ ಗಣಿಯನ್ನು ಅದೇ ಕಾಯ್ದೆ ಹೊರಗಿಟ್ಟಿತು. ಹೀಗಾಗಿ ಕಲ್ಲಿಗೆ ಪಾಲಿಶ್ ಹಾಕುವವನಿಗೆ ಒಂದು ಕಾನೂನು, ಅದೇ ಕಲ್ಲನ್ನು ಗಣಿಯಲ್ಲಿ ಎಬ್ಬಿಸುವವನಿಗೆ ಇನ್ನೊಂದು ಆಯಿತು. ಗಣಿ ಮಾಲೀಕನ ಪಾಲಿಗೆ ಉಳಿದದ್ದು ಹಳೆಯ ಪರಿಹಾರ ಕಾಯ್ದೆ, ಅದರ ಭಾರ ಇಳಿಸಿಕೊಳ್ಳಲು ಖಾಸಗಿಯಾಗಿ ಕೊಳ್ಳುವ ಪಾಲಿಸಿ.

ಆ ಭಾರ ಬೆಳೆದ ಬಗೆ ನೋಡಬೇಕು. ಕೆಲಸಗಾರ ಸತ್ತರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 30 ವರ್ಷದವನಿಗೆ ಅದು 207.98. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 4,000 ರೂಪಾಯಿ ಇದ್ದಾಗ ಗರಿಷ್ಠ ಪರಿಹಾರ 4,15,960. ಮಿತಿ 2010ರಲ್ಲಿ 8,000ಕ್ಕೆ ಏರಿತು, 2020ರ ಜನವರಿಯಲ್ಲಿ 15,000ಕ್ಕೆ. ಈಗ ಅದೇ ಸಾವಿಗೆ 15,59,850. ಗಣಿಯಲ್ಲಿ ಅಪಾಯ ಹೆಚ್ಚಾಗಿರಲಿಲ್ಲ; ಸರ್ಕಾರದ 2020ರ ಒಂದು ಅಧಿಸೂಚನೆ ಹೊಣೆಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿತ್ತು.

ಪ್ರೀಮಿಯಂ ನಿಂತಿರುವುದು ವರ್ಷದ ಒಟ್ಟು ಕೂಲಿ ಮತ್ತು ಕೆಲಸದ ಅಪಾಯ, ಈ ಎರಡರ ಮೇಲೆ. ಗುಮಾಸ್ತನ ದರ ಬೇರೆ, ಸಿಡಿಮದ್ದು ಇಡುವವನದು ಬೇರೆ. 2007ರ ಜನವರಿಗೆ ಮುಂಚೆ ದರಪಟ್ಟಿ ದೇಶಕ್ಕೆಲ್ಲ ಒಂದೇ ಇತ್ತು. ಈಗ ಕಂಪನಿಯೊಡನೆ ಚೌಕಾಸಿ ಮಾಡಬಹುದು. ತಲಾ 15,000ದ ಇಪ್ಪತ್ತು ಆಳುಗಳಿದ್ದರೆ ವರ್ಷದ ಕೂಲಿ 36 ಲಕ್ಷ; ದರದ ಪ್ರತಿ ಶೇ. 1ಕ್ಕೆ 36,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ. ಅದೇ ಕೂಲಿಗೆ ಇಎಸ್‌ಐನಲ್ಲಿ ಮಾಲೀಕನ ಪಾಲು ಶೇ. 3.25, ಅಂದರೆ 1,17,000; ಆದರೆ ಅದರಲ್ಲಿ ಆಸ್ಪತ್ರೆ, ಹೆರಿಗೆ, ಕಾಯಿಲೆ ರಜೆ ಎಲ್ಲ ಸೇರಿದೆ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜೇ ನಿಂತಿದೆ. ದುಬಾರಿ ಯಾವುದು ಎಂಬುದು ಆಗ ಅಷ್ಟು ಸುಲಭದ ಪ್ರಶ್ನೆಯಲ್ಲ.

ಉಳಿತಾಯದ ಆಸೆಗೆ ಕೂಲಿ ಕಡಿಮೆ ತೋರಿಸುವವರು ಎಡವುವುದು ಕ್ಲೇಮಿನ ದಿನ. ಗುತ್ತಿಗೆದಾರನ ಆಳುಗಳನ್ನು ಪಾಲಿಸಿಯಲ್ಲಿ ಸೇರಿಸದ ಕಾರ್ಖಾನೆಗೂ ಅದೇ ಗತಿ. ಅವರ ಪರಿಹಾರವನ್ನು ಮೂಲ ಮಾಲೀಕನಿಂದಲೇ ಕೇಳಲು ಪರಿಹಾರ ಕಾಯ್ದೆಯ 12ನೇ ಕಲಂ ಅವಕಾಶ ಕೊಟ್ಟಿತ್ತು. ತಿಂಗಳೊಳಗೆ ಹಣ ಕೊಡದಿದ್ದರೆ ಶೇ. 12 ಬಡ್ಡಿ, ಜೊತೆಗೆ ಶೇ. 50ರವರೆಗೆ ದಂಡ. ದಂಡ ವಿಮಾ ಕಂಪನಿಯ ತಲೆಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ.

2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆ ಪರಿಹಾರ, ಇಎಸ್‌ಐ ಎರಡೂ ಹಳೆಯ ಕಾಯ್ದೆಗಳನ್ನು ಒಂದೇ ಸೂರಿನಡಿ ತಂದಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಈಗ ಪರಿಹಾರದ ಲೆಕ್ಕಕ್ಕೆ ಬರುತ್ತದೆ. ತಾಂಡಾಗಳಿಂದ ನಸುಕಿನಲ್ಲೇ ಟಂಟಂ ಹತ್ತಿ ಆಳುಗಳು ಬರುವ ಚಿಂಚೋಳಿ, ಚಿತ್ತಾಪುರದ ಕಡೆ ಮುಂದಿನ ಪಾಲಿಸಿಯ ದರ ಕೇಳುವಾಗ ವಿಮಾ ಕಂಪನಿ ಈ ದಾರಿಯನ್ನೂ ಅಳೆಯಲಿದೆ.