ಮೇಣದ ಬತ್ತಿಯ ಬೆಳಕಿಗೆ ಕಾಣದವರು

ಅಮೆರಿಕದ ವರ್ಜೀನಿಯಾದಲ್ಲಿ ವಿಲಿಯಮ್ಸ್‌ಬರ್ಗ್ ಎಂಬ ಸಣ್ಣ ಊರಿದೆ. 1699ರಿಂದ 1780ರವರೆಗೆ ಅದು ಆ ವಸಾಹತಿನ ರಾಜಧಾನಿ. ಆಮೇಲೆ ರಾಜಧಾನಿ ರಿಚ್ಮಂಡಿಗೆ ಹೋಯಿತು, ಊರು ಮೂಲೆಗುಂಪಾಯಿತು. ಗುಡ್ವಿನ್ ಎಂಬ ಪಾದ್ರಿಯ ಹಂಬಲಕ್ಕೆ ಕುಬೇರ ರಾಕ್‌ಫೆಲ್ಲರ್ ಜೂನಿಯರ್‌ನ ಹಣ ಕೂಡಿ, 1926ರಿಂದ ಅದನ್ನು ಮತ್ತೆ ಹದಿನೆಂಟನೇ ಶತಮಾನದ ಊರಾಗಿ ಕಟ್ಟಲಾಯಿತು. ಅಲ್ಲಿ ಹಳೆಯ ಕಾಲದ ನಿಲುವಂಗಿ, ಮುಕ್ಕೋನೆ ಟೋಪಿ ತೊಟ್ಟವರು ಬೀದಿಯಲ್ಲಿ ಓಡಾಡುತ್ತಾರೆ. ಟಾವರ್ನುಗಳಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿ ಊಟಕ್ಕೆ ಕೂರುತ್ತಾರೆ. ಪಿಟೀಲಿನ ದನಿ, ಹುರಿದ ಮಾಂಸದ ವಾಸನೆ. ನೋಡಲು ಸೊಗಸೇ.

ಟಾವರ್ನ್ ಎಂದರೆ ಬರೀ ಮದ್ಯದಂಗಡಿ ಎಂದು ನಾವು ತಿಳಿಯಬೇಕಿಲ್ಲ. ಊಟ, ವಸತಿ, ವ್ಯಾಪಾರ, ರಾಜಕೀಯ ಎಲ್ಲ ಅಲ್ಲೇ. 1769ರಲ್ಲಿ ಗವರ್ನರ್ ಶಾಸನಸಭೆಯನ್ನು ವಿಸರ್ಜಿಸಿದಾಗ ವಾಷಿಂಗ್ಟನ್ ಮುಂತಾದ ಸದಸ್ಯರು ಸೇರಿದ್ದು ರಾಲೀ ಟಾವರ್ನಿನಲ್ಲಿ. ಬ್ರಿಟಿಷ್ ಸರಕು ಬೇಡವೆಂಬ ಒಪ್ಪಂದ ಅಲ್ಲಿ ಆಯಿತು. 1774ರಲ್ಲಿ ಮತ್ತೊಮ್ಮೆ ಅಲ್ಲೇ ಸೇರಿದರು. (ಆ ಬಂಡಾಯಗಾರರಿಗೆ ನಮ್ಮ ಹೈದರಾಲಿಯೂ ಗೊತ್ತಿದ್ದ. 1782ರಲ್ಲಿ ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆಗೆ ಅವನದೇ ಹೆಸರಿಟ್ಟಿದ್ದರು.)

ಆದರೆ ಸ್ವಾತಂತ್ರ್ಯದ ಮಾತಾಡಿದವರಿಗೆ ಬಡಿಸಿದವರು ಯಾರು? ಆ ಊರಿನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರಿಯರು, ಬಹುಪಾಲು ಗುಲಾಮರು. ಟಾವರ್ನ್ ಮಾಲೀಕ ಹೆನ್ರಿ ವೆದರ್‌ಬರ್ನ್ 1760ರಲ್ಲಿ ಸತ್ತಾಗ ಬರೆದ ಆಸ್ತಿಪಟ್ಟಿಯಲ್ಲಿ ಮಂಚ, ಮೇಜು, ಪಾತ್ರೆಗಳ ಜೊತೆ 12 ಮಂದಿ ಗುಲಾಮರೂ ಇದ್ದರು. ಈಗಿನವರು ಆ ಮನೆಯನ್ನು ಹಳೆಯಂತೆ ಸಜ್ಜುಗೊಳಿಸಿದ್ದು ಅದೇ ಪಟ್ಟಿ ನೋಡಿ. ಮಂಚ, ಮೇಜು ಬೇಗ ಮರಳಿ ಬಂದವು. ಆ ಮನುಷ್ಯರ ಕತೆ ಹೇಳಲು ಮಾತ್ರ ದಶಕಗಳೇ ಬೇಕಾದವು. ಕರಿಯ ಕಲಾವಿದರು ಗುಲಾಮರ ಪಾತ್ರ ವಹಿಸಲು ಶುರುಮಾಡಿದ್ದು 1979ರಲ್ಲಿ.

1994ರ ಅಕ್ಟೋಬರ್ 10ರಂದು ಅದೇ ವೆದರ್‌ಬರ್ನ್ ಟಾವರ್ನಿನ ಮೆಟ್ಟಿಲ ಮೇಲೆ ಗುಲಾಮರ ಹರಾಜನ್ನು ಅಭಿನಯಿಸಿ ತೋರಿಸಿದರು. ನೋವನ್ನು ತಮಾಷೆ ಮಾಡುತ್ತೀರಾ ಎಂದು ಕರಿಯರ ಸಂಘಟನೆಗಳೇ ಪ್ರತಿಭಟಿಸಿದವು. ವಿರೋಧಿಸಲು ಬಂದಿದ್ದ ಮುಖಂಡರೊಬ್ಬರು ನೋಡಿದ ಮೇಲೆ ಅಭಿಪ್ರಾಯ ಬದಲಿಸಿದರು. ಅಂಥ ದೃಶ್ಯ ಬೇಕೇ ಎಂಬ ಪ್ರಶ್ನೆ ಸುಲಭದ್ದಲ್ಲ. ಆದರೂ ಊಟದ ಮೇಜನ್ನಷ್ಟೇ ತೋರಿಸಿ ಅಡುಗೆಮನೆಯ ಬಾಗಿಲು ಮುಚ್ಚುವುದಕ್ಕಿಂತ ಅದು ಪ್ರಾಮಾಣಿಕವಾಗಿತ್ತು ಎಂದೇ ನಮಗೆ ತೋರುತ್ತದೆ.

ಕಿಂಗ್ಸ್ ಆರ್ಮ್ಸ್ ಟಾವರ್ನನ್ನು ನಡೆಸುತ್ತಿದ್ದವಳು ಜೇನ್ ವೋಬ್ ಎಂಬ ಮಹಿಳೆ. ಅವಳ ಗುಲಾಮರಲ್ಲಿ ಗೋವನ್ ಪ್ಯಾಂಫ್ಲೆಟ್ ಎಂಬವನಿದ್ದ. ಅವನು ಓದುಬರಹ ಕಲಿತು ಧರ್ಮಬೋಧಕನಾದ. ಕರಿಯರು ಗುಂಪುಗೂಡುವುದೇ ಅಪಾಯವಾಗಿದ್ದ ದಿನಗಳಲ್ಲಿ ಮರೆಯಲ್ಲಿ ಪ್ರಾರ್ಥನೆ ನಡೆಸಿದ. 1793ರಲ್ಲಿ ಅವನಿಗೆ ಬಿಡುಗಡೆ ಸಿಕ್ಕಿತು. ಅದೇ ವರ್ಷ ಅವನ ಸಭೆಯನ್ನು ಬ್ಯಾಪ್ಟಿಸ್ಟರ ಒಕ್ಕೂಟ ಸೇರಿಸಿಕೊಂಡಿತು. ಯಜಮಾನರು ಉಣ್ಣುತ್ತಿದ್ದ ಮನೆಯಲ್ಲಿ ದುಡಿದವನು ತನ್ನವರಿಗೊಂದು ದೇವರ ಮನೆ ಕಟ್ಟಿಕೊಟ್ಟ.

ಆ ಸಭೆಯವರು ಮುಂದೆ ಕಟ್ಟಿದ ಇಟ್ಟಿಗೆಯ ಚರ್ಚು ಊರ ನಡುವೆ ಇತ್ತು. 1950ರ ದಶಕದಲ್ಲಿ ಈ ಪುನರ್ನಿರ್ಮಾಣ ಸಂಸ್ಥೆಯೇ ಆ ಜಾಗ ಕೊಂಡು ಕಟ್ಟಡ ಕೆಡವಿತು. ಮುಂದೆ ಅಲ್ಲಿ ವಾಹನ ನಿಲ್ದಾಣವಾಯಿತು. ಹದಿನೆಂಟನೇ ಶತಮಾನ ನೋಡಲು ಬಂದವರು, ಅದೇ ಶತಮಾನದ ಒಂದು ಭಾಗದ ಮೇಲೆ ಕಾರು ನಿಲ್ಲಿಸಿ ಊಟಕ್ಕೆ ಹೋಗುತ್ತಿದ್ದರು. 2020ರಲ್ಲಿ ಅಲ್ಲಿ ಅಗೆತ ಶುರುವಾಯಿತು. ಮೊದಲ ಪ್ರಾರ್ಥನಾ ಮಂದಿರದ ಅಡಿಪಾಯ ಸಿಕ್ಕಿತು. ಅದರ ಸುತ್ತ 60ಕ್ಕೂ ಹೆಚ್ಚು ಸಮಾಧಿಗಳಿದ್ದವು.