ಟೈರಿನ ಪಕ್ಕೆ, ಒಳಗಿನ ಗಾಳಿ ಮತ್ತು ಟ್ರೇಲರಿನ ಓಲಾಟ: ಒಂದು ಚಾರಿತ್ರಿಕ ಅವಲೋಕನ

ಕಾರು ಅಥವಾ ಪಿಕಪ್ ವಾಹನಕ್ಕೆ ಟ್ರೇಲರ್ ಕಟ್ಟಿಕೊಂಡು ವೇಗವಾಗಿ ಸಾಗುವಾಗ, ಒಂದು ಹಂತ ದಾಟಿದೊಡನೆ ಟ್ರೇಲರು ಎಡಬಲಕ್ಕೆ ಓಲಾಡತೊಡಗುವುದುಂಟು. ಓಲಾಟ ಸುತ್ತಿನಿಂದ ಸುತ್ತಿಗೆ ಬೆಳೆದರೆ ಎಳೆಯುವ ವಾಹನವೇ ಹಿಡಿತ ತಪ್ಪುತ್ತದೆ. ಕಾರಣ ಹುಡುಕುವವರು ಮೊದಲು ನೋಡುವುದು ಕೊಂಡಿಯನ್ನು, ಆಮೇಲೆ ಸರಕು ಹೇರಿದ ರೀತಿಯನ್ನು. ಎರಡೂ ಮುಖ್ಯವೇ. ಆದರೆ ಈ ಎಲ್ಲ ಬಲಗಳೂ ನೆಲಕ್ಕೆ ತಲುಪುವುದು ಟೈರಿನ ಪಕ್ಕೆಯ, ಅಂದರೆ ಸೈಡ್‌ವಾಲಿನ ಮೂಲಕ. ಗಾಳಿ ಹೆಚ್ಚಿದಷ್ಟೂ ಸ್ಥಿರತೆ ಹೆಚ್ಚುತ್ತದೆ ಎಂಬ ಜನಜನಿತ ನಂಬಿಕೆ ಅರ್ಧಸತ್ಯ. ಯಾವ ಅಚ್ಚಿನ ಮೇಲೆ ಎಷ್ಟು ಹೊರೆಯಿದೆ ಎಂಬುದನ್ನು ಬಿಟ್ಟು ಗಾಳಿಯ ಮಾತಾಡಲಾಗದು ಎಂಬುದೇ ಪ್ರಸ್ತುತ ಲೇಖನದ ವಾದ.

ಜಾರುಕೋನದಿಂದ ಬಿಗಿದ ದಾರದವರೆಗೆ

ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಪಡೆದ ಪೇಟೆಂಟ್, ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ರೂಪಿಸಿದ ಟೈರು, ಎರಡರ ಉದ್ದೇಶವೂ ಕುಲುಕಾಟ ತಗ್ಗಿಸುವುದೇ ಆಗಿತ್ತು. ಮೇಲೆ ಕೆಳಗೆ ಬಾಗುವ ಪಕ್ಕೆ ಅಡ್ಡಕ್ಕೂ ಬಾಗುತ್ತದೆ ಎಂಬುದರ ಪರಿಣಾಮ ಅರಿವಿಗೆ ಬಂದದ್ದು ಮೋಟಾರು ವಾಹನಗಳ ವೇಗ ಏರಿದ ಮೇಲೆ. ಫ್ರಾನ್ಸಿನ ಜಾರ್ಜ್ ಬ್ರೂಲಿಯೆ 1925ರಲ್ಲಿ ಜಾರುಕೋನದ ಪರಿಕಲ್ಪನೆಯನ್ನು ಮುಂದಿಟ್ಟರು: ಅಡ್ಡಬಲ ಬಿದ್ದಾಗ ಗಾಳಿ ಟೈರು ತಾನು ಮುಖ ಮಾಡಿದ ದಿಕ್ಕಿನಲ್ಲಿ ಉರುಳದೆ ತುಸು ಓರೆಯಾಗಿ ಸಾಗುತ್ತದೆ. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನ ಮಾರಿಸ್ ಆಲಿ ಈ ತಿಳಿವಳಿಕೆಯನ್ನು ವಾಹನದ ಒಟ್ಟು ವರ್ತನೆಗೆ ಅನ್ವಯಿಸಿದರು.

ಮುಂದಿನ ಮುಖ್ಯ ಹೆಜ್ಜೆ ವಿಮಾನದ ಚಕ್ರಗಳ ಅಧ್ಯಯನದಿಂದ ಬಂತು. ಜರ್ಮನಿಯ ಫಾನ್ ಶ್ಲಿಪ್ಪೆ ಮತ್ತು ಡೀಟ್ರಿಶ್ 1941ರಲ್ಲಿ ಟೈರನ್ನು ಬಿಗಿದ ದಾರವೆಂದು ಭಾವಿಸಿ ಲೆಕ್ಕ ಹಾಕಿದರು. ಅಡ್ಡಬಲ ತಕ್ಷಣ ಹುಟ್ಟುವುದಿಲ್ಲ. ಚಕ್ರ ಒಂದಿಷ್ಟು ದೂರ ಉರುಳಿ ಪಕ್ಕೆ ಬಾಗಿದ ನಂತರವೇ ಪೂರ್ತಿಯಾಗಿ ಒದಗುತ್ತದೆ. ಓಲಾಟದ ಪ್ರಶ್ನೆಗೆ ಈ ವಿಳಂಬವೇ ಕೀಲಿಕೈ.

ಓಲಾಟದಲ್ಲಿ ಪಕ್ಕೆಯ ಪಾತ್ರ

ಎದುರಿನಿಂದ ಬಂದ ದೊಡ್ಡ ಲಾರಿಯ ಗಾಳಿಗೆ ಟ್ರೇಲರು ಓರೆಯಾಯಿತು ಎನ್ನೋಣ. ಕೊಂಡಿಯು ಪಿಕಪ್ಪಿನ ಹಿಂಭಾಗವನ್ನು ಪಕ್ಕಕ್ಕೆ ನೂಕುತ್ತದೆ. ಟೈರಿನ ತಳ ರಸ್ತೆಗೆ ಕಚ್ಚಿಕೊಂಡೇ ಇರುತ್ತದೆ. ರಿಮ್ಮು ಮಾತ್ರ ಸರಿಯುತ್ತದೆ. ನಡುವೆ ಪಕ್ಕೆ ಬಾಗುತ್ತದೆ. ಪಕ್ಕೆ ಮೆತ್ತಗಿದ್ದಷ್ಟೂ ಹಿಂಭಾಗ ಹೆಚ್ಚು ಸರಿಯುತ್ತದೆ, ಟ್ರೇಲರಿನ ಟೈರು ಕೊಡಬೇಕಾದ ತಡೆಬಲವೂ ತಡವಾಗುತ್ತದೆ. ಜೊತೆಗೆ ವೇಗದ ಪ್ರಶ್ನೆಯಿದೆ. ಅಡ್ಡ ಚಲನೆ ಅಷ್ಟೇ ಇದ್ದರೂ ಮುಂದಿನ ವೇಗ ಹೆಚ್ಚಾದಂತೆ ಜಾರುಕೋನ ಕಿರಿದಾಗುತ್ತದೆ, ಓಲಾಟವನ್ನು ತಣಿಸುವ ಬಲ ಕುಗ್ಗುತ್ತದೆ. ನಿರ್ಣಾಯಕ ವೇಗದಲ್ಲಿ ತಣಿಕೆ ಸೊನ್ನೆಯಾಗುತ್ತದೆ. ಅದನ್ನು ದಾಟಿದರೆ ಓಲಾಟ ತಾನಾಗಿ ಬೆಳೆಯುತ್ತದೆ. ಬಿಗಿಯಾದ ಪಕ್ಕೆ ಮಾಡುವ ಉಪಕಾರವೆಂದರೆ ಈ ಮಿತಿಯನ್ನು ಮೇಲಕ್ಕೆ ಏರಿಸುವುದು.

ಗಾಳಿಯ ಇಬ್ಬಗೆಯ ಪರಿಣಾಮ

ಒತ್ತಡದಿಂದಲೇ ಸ್ಥಿರತೆ ಸಾಧಿಸಲು ಹೊರಟ ಪ್ರಸಿದ್ಧ ಉದಾಹರಣೆ 1960ರ ಷೆವರ್ಲೆ ಕೊರ್ವೇರ್. ಎಂಜಿನ್ ಹಿಂದಿದ್ದ ಆ ಕಾರಿಗೆ ಮುಂದಿನ ಟೈರಿನಲ್ಲಿ 15, ಹಿಂದಿನದರಲ್ಲಿ 26 ಪಿಎಸ್‌ಐ ಗಾಳಿ ಇರಬೇಕೆಂದು ತಯಾರಕರು ಸೂಚಿಸಿದ್ದರು. ಹಿಂಭಾಗ ಹೊರಕ್ಕೆ ಜಾರದಿರಲಿ ಎಂದು ಮುಂದಿನ ಟೈರನ್ನು ಬೇಕೆಂದೇ ಮೆತ್ತಗಿಡುವ ಉಪಾಯವದು. ಸುರಕ್ಷತೆಯ ಭಾರವನ್ನು ಹೀಗೆ ಕಾರಿನ ಒಡೆಯನ ಮೇಲೆ ಹೇರಿದ್ದನ್ನು ರಾಲ್ಫ್ ನೇಡರ್ 1965ರ ತಮ್ಮ ಪುಸ್ತಕದಲ್ಲಿ ಕಟುವಾಗಿ ಟೀಕಿಸಿದರು. ಟೀಕೆ ನ್ಯಾಯವಾದದ್ದೇ, ಆದರೆ ಉಪಾಯದ ಹಿಂದಿದ್ದ ಭೌತಶಾಸ್ತ್ರ ಸುಳ್ಳಲ್ಲ. ಕೊಂಡಿಯ ಮೇಲಿನ ಭಾರವೂ ಹಿಂದಿನ ಅಚ್ಚನ್ನು ಒತ್ತಿ ಮುಂದಿನದನ್ನು ಹಗುರಗೊಳಿಸುತ್ತದೆ. ಹಾಗಾಗಿ ಹೆಚ್ಚಿನ ಗಾಳಿ ಬೇಕಾದುದು ಹಿಂದಿನ ಟೈರಿಗೆ. ನಾಲ್ಕಕ್ಕೂ ಒಂದೇ ಸಮನೆ ತುಂಬಿಸಿದರೆ ಆ ಸಮತೋಲ ಸಿಗದು.

ಒತ್ತಡ ಏರಿದಾಗ ಪಕ್ಕೆ ಬಿಗಿಯಾಗುತ್ತದೆ ನಿಜ, ಆದರೆ ನೆಲ ಮುಟ್ಟುವ ಭಾಗವೂ ಮೊಟಕಾಗುತ್ತದೆ. ಹೊರೆ ಹೆಚ್ಚಿದ್ದರೆ ಮೊದಲನೆಯದರ ಲಾಭ ಗೆಲ್ಲುತ್ತದೆ. ಹೊರೆ ಕಡಿಮೆಯಿದ್ದರೆ ಎರಡನೆಯದರ ನಷ್ಟ.

ಮಿಷೆಲಿನ್ ಸಂಸ್ಥೆ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟೈರು ಈ ಪ್ರಶ್ನೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸಿತು. ಅದರ ತಳದ ಪಟ್ಟಿ ಗಟ್ಟಿ, ಪಕ್ಕೆ ಮೃದು. ಅಮೆರಿಕದಲ್ಲಿ ಟ್ರೇಲರಿಗೆಂದೇ ಎಸ್‌ಟಿ, ಹಗುರ ಟ್ರಕ್ಕಿಗೆ ಎಲ್‌ಟಿ ವರ್ಗದ ಗಟ್ಟಿ ಟೈರುಗಳು ಬಳಕೆಯಲ್ಲಿವೆ. ಎಲ್‌ಟಿಯ ಇ ಶ್ರೇಣಿಗೆ ಸಾಮಾನ್ಯವಾಗಿ 80 ಪಿಎಸ್‌ಐವರೆಗೆ ಗಾಳಿ ತುಂಬಿಸಬಹುದು. ಪ್ರಯಾಣಿಕ ಕಾರಿನ ಟೈರನ್ನು ಟ್ರೇಲರಿಗೆ ಹಾಕುವುದಾದರೆ ಅದರ ಹೊರೆ ಮಿತಿಯನ್ನು 1.10ರಿಂದ ಭಾಗಿಸಬೇಕೆಂಬ ನಿಯಮವೂ ಅಲ್ಲಿದೆ.

ಉಪಸಂಹಾರ

ಡೆಲ್ಫ್ಟ್‌ನ ಹಾನ್ಸ್ ಪಾಸೆಯ್ಕಾ ಮತ್ತು ವೋಲ್ವೊ ಎಂಜಿನಿಯರುಗಳು 1987ರಲ್ಲಿ ಪ್ರಕಟಿಸಿದ, ಟೈರಿನ ಬಲಗಳನ್ನು ಲೆಕ್ಕ ಹಾಕುವ ಸೂತ್ರ ಲೋಕವಿಖ್ಯಾತವಾಯಿತು. ಒತ್ತಡದ ಏರಿಳಿತವನ್ನು ಒಳಗೊಳ್ಳುವಂತೆ ಆ ಮಾದರಿಯನ್ನು ವಿಸ್ತರಿಸಿದ ಪ್ರಬಂಧ ಬಂದದ್ದು 2010ರಲ್ಲಿ. ಗಾಳಿ ತುಂಬಿಸುವವನ ಕೈಯಲ್ಲಿ ನಿತ್ಯ ಬದಲಾಗುವ ಅಂಶವೊಂದು ಆ ಸೂತ್ರದಲ್ಲಿ ನೆಲೆ ಕಾಣಲು ಇಷ್ಟು ಕಾಲ ಹಿಡಿಯಿತು ಎಂಬುದು ಗಮನಾರ್ಹ. ಹೇರಿಕೆ ತಪ್ಪಾದ ಟ್ರೇಲರನ್ನು ಯಾವ ಟೈರೂ ಉಳಿಸದು. ಹೇರಿಕೆ ಸರಿಯಿದ್ದಾಗ ಮಾತ್ರ, ಪ್ರತಿ ಅಚ್ಚಿನ ಭಾರ ತೂಗಿ, ಟೈರು ತಣ್ಣಗಿರುವಾಗಲೇ ಆ ಭಾರಕ್ಕೆ ತಕ್ಕಷ್ಟು, ಪಕ್ಕೆಯ ಮೇಲೆ ಅಚ್ಚಾದ ಮಿತಿ ಮೀರದಂತೆ ಗಾಳಿ ತುಂಬಿಸುವುದು ಚಾಲಕನ ಕೈಯಲ್ಲಿರುವ ಅತಿ ಅಗ್ಗದ ರಕ್ಷಣೆಯಾಗುತ್ತದೆ.